ಎಂಬತ್ತೊಂಬತ್ತರ ಮಾರನೆಯ ದಿನ

ನಾನು ಬದುಕಿದ್ದೀನಿ ಅಂತ ವರ್ಷಕ್ಕೊಂದು ಸಲ ಹೋಗಿ ಒಪ್ಪಿಸಿ ಬರಬೇಕು. ಪೆನ್ಷನ್ ತಗೊಳ್ಳೋರಿಗೆಲ್ಲ ಇದು ಇದ್ದದ್ದೇ. ನಮ್ಮ ಮದರಾಸಿನಲ್ಲಿ ಮಸ್ಟರಿಂಗ್ ಅಂತಾರೆ. ಹೋದ ವಾರ ನಾನೂ ಹೋಗಿದ್ದೆ. ತ್ರಿಪ್ಲಿಕೇನ್‌ನಲ್ಲಿರೋ ನಮ್ಮನೆಯಿಂದ ನನ್ನ ಹಳೇ ಆಫೀಸಿಗೆ ನಡೆದು ಹೋಗೋ ದೂರ. ಮೂವತ್ತಾರು ವರ್ಷ ನಡೆದ ದಾರಿ, ಕಾಲಿಗೇ ಗೊತ್ತು. ಸಣ್ಣಗೆ ಮಳೆ ಹನೀತಿತ್ತು. ಯಾವ ಆಫೀಸು ಅಂತ ಮಾತ್ರ ಕೇಳಬೇಡಿ. ಸರ್ಕಾರದ ಒಂದು ಬೋರ್ಡು ಅಂದುಕೊಳ್ಳಿ. ಹೆಸರು ಹೇಳಿಬಿಟ್ಟರೆ ಅದೊಂದೇ ಹಾಗೆ, ಮಿಕ್ಕವೆಲ್ಲ ಸಾಚಾ ಅಂತ ತಿಳ್ಕೊಂಡುಬಿಡ್ತೀರ.

ಕೌಂಟರಿನಲ್ಲಿ ಕೂತಿದ್ದ ಹುಡುಗಿ ಒಂದು ಪುಟ್ಟ ಯಂತ್ರ ಮುಂದಿಟ್ಟು, "ಬೆರಳಿಡಿ ಪಾಟಿ" ಅಂದಳು. ಪಾಟಿ ಅಂದರೆ ಅಜ್ಜಿ. ಅರವತ್ತಾರಕ್ಕೇ ಅಜ್ಜಿ ಆದೆನಲ್ಲ ಅಂದುಕೊಂಡು ಇಟ್ಟೆ. ಯಂತ್ರ ಕೆಂಪಗೆ ಮಿನುಗಿತು. ಇನ್ನೊಂದು ಬೆರಳು. ಕೆಂಪು. ಹತ್ತೂ ಬೆರಳಾಯಿತು. ಜನ್ಮವಿಡೀ ಪಾತ್ರೆ ತಿಕ್ಕಿ, ಫೈಲು ತಿರುವಿ ರೇಖೆಗಳೇ ಸವೆದು ಹೋಗಿವೆ. "ಮ್ಯಾಚ್ ಆಗ್ತಿಲ್ಲ ಪಾಟಿ. ಕೈಯಲ್ಲಿ ಬರೆಯೋ ಫಾರಂ ಕೊಡ್ತೀನಿ. ನಿಮ್ಮನ್ನ ಗೊತ್ತಿರೋ ರೆಗ್ಯುಲರ್ ಸ್ಟಾಫ್ ಯಾರಾದರೂ ಒಬ್ಬರು ಸೈನ್ ಹಾಕಿದರೆ ಸಾಕು" ಅಂದಳು.

ಒಳಗೆ ಹೋದೆ. ನಾನು ಕೂರ್ತಿದ್ದ ಕುರ್ಚಿಯಲ್ಲಿ ಹೊಸ ಸೂಪರಿಂಟೆಂಡೆಂಟು. ತಿರುನೆಲ್ವೇಲಿಯಿಂದ ಬಂದು ಮೂರು ತಿಂಗಳಾಗಿದೆಯಂತೆ. ಒಳ್ಳೇ ಮನುಷ್ಯನೇ, ಎದ್ದು ನಿಂತ. "ನಾನು ನಿಮ್ಮನ್ನ ನೋಡೇ ಇಲ್ಲವಲ್ಲಮ್ಮಾ, ಗೊತ್ತು ಅಂತ ಹೇಗೆ ಸೈನ್ ಹಾಕ್ಲಿ? ನಿಮ್ಮ ಕಾಲದವರೆಲ್ಲ ರಿಟೈರೋ ವರ್ಗವೋ ಆಗಿ ಹೋಗಿದ್ದಾರೆ. ಅಕೌಂಟ್ಸ್‌ನಲ್ಲಿ ಹಳಬರೊಬ್ಬರಿದ್ದಾರೆ, ಊಟದ ಹೊತ್ತಿಗೆ ಬರ್ತಾರೆ, ಕೂತಿರಿ" ಅಂದ. ನಾನಾಗಿದ್ದರೂ ಅದನ್ನೇ ಹೇಳ್ತಿದ್ದೆ. ಕಾರಿಡಾರಿನ ಕೊನೇಲಿ ಒಂದು ಬೆಂಚು, ರೆಕಾರ್ಡ್ ರೂಮಿನ ಬಾಗಿಲಿಗೆ ಎದುರಾಗಿ. ಅಲ್ಲಿ ಕೂತೆ ನೋಡಿ, ಬಂತು ಆ ವಾಸನೆ. ಒದ್ದೆ ಕಾಗದ, ಬ್ಲೀಚಿಂಗ್ ಪೌಡರು, ಅದರ ಮೇಲೆ ಫಿನಾಯಿಲು. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಪೌಡರು ಜಾಸ್ತಿ ಚೆಲ್ಲಿದ್ದರು ಅಂತ ನೆಪ ಹೇಳಬಹುದು. ಹೇಳೋಲ್ಲ. ಈ ವಾಸನೆ ಬಂದಾಗಲೆಲ್ಲ ನಾನು ಹೀಗೇ ಮಾಡೋದು, ಆರು ವರ್ಷದಿಂದ.

ಆ ಮಳೆಗಾಲದಲ್ಲಿ ನಾನು ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್‌ನ ಸೂಪರಿಂಟೆಂಡೆಂಟು. ಯಾರು ಸೇರಿದರು, ಯಾರು ರಜ ಹಾಕಿದರು, ಯಾರಿಗೆ ಬಡ್ತಿ, ಎಲ್ಲ ನನ್ನ ಕೈಯಲ್ಲೇ ಹಾದು ಹೋಗಬೇಕು. ರಿಟೈರ್ ಆಗೋಕೆ ನಾಲ್ಕು ತಿಂಗಳಿತ್ತು. ನಮ್ಮ ಆಫೀಸಿನಲ್ಲಿ ಕುರ್ಚಿ ಇರೋರು ಅರ್ಧ, ಕೆಲಸ ಮಾಡೋರು ಇನ್ನರ್ಧ. ಆ ಇನ್ನರ್ಧಕ್ಕೆ ಟೆಂಪರರಿ ಅಂತ ಹೆಸರು. ಅವರಿಗೆ ಎಂಬತ್ತೊಂಬತ್ತು ದಿನಕ್ಕೆ ಆರ್ಡರು ಕೊಡೋದು. ತೊಂಬತ್ತನೇ ದಿನ ಬ್ರೇಕ್. ಅವತ್ತು ಅವರು ಆಫೀಸಿನ ಗೇಟು ದಾಟಬಾರದು. ತೊಂಬತ್ತೊಂದನೇ ದಿನ ಹೊಸ ಆರ್ಡರು, ಆವಾಗತಾನೇ ಹುಟ್ಟಿ ಬಂದೋರ ಹಾಗೆ. ಯಾಕೆ ಅಂದರೆ, ಒಂದೇ ಸಮ ಕೆಲಸ ಮಾಡಿದ್ದು ಕಾಗದದ ಮೇಲೆ ಬಂದುಬಿಟ್ಟರೆ ನಾಳೆ ಖಾಯಂ ಮಾಡಿ ಅಂತ ಕೇಳಿಯಾರು ಅನ್ನೋ ಭಯ. ಆ ಬ್ರೇಕ್ ಪಟ್ಟಿ ಮಾಡ್ತಿದ್ದವಳು ನಾನು. ಕೆಂಪು ಇಂಕಿನಲ್ಲಿ, ಗೆರೆ ಹೊಡೆದು, ಮುತ್ತಿನಂಥ ಅಕ್ಷರದಲ್ಲಿ. ಹಿಂದಿನ ದಿನ ಸಂಜೆ ಅವರ ಐಡಿ ಕಾರ್ಡು ಇಸ್ಕೊಂಡು ನನ್ನ ಡ್ರಾಯರಿನ ಬಿಸ್ಕತ್ತಿನ ಡಬ್ಬಿಗೆ ಹಾಕ್ತಿದ್ದೆ.

ಅದಕ್ಕೊಂದು ತಮಾಷೆ ಬೇರೆ. ನಮ್ಮಂಥ ಮನೆಗಳಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರ್ತಿದ್ದರಲ್ಲ, ಅದನ್ನ ನೆನೆಸಿಕೊಂಡು ಸೆಕ್ಷನ್ನಿನ ಹೆಂಗಸರೆಲ್ಲ, "ಇವತ್ತು ಯಾರು ಹೊರಗೆ?" ಅಂತ ಕೇಳ್ತಿದ್ದರು. "ಮಲ್ಲಿಗಾ ಹೊರಗೆ." ಎಲ್ಲರೂ ನಗೋದು. ನಾನೂ ನಕ್ಕಿದ್ದೀನಿ. ನಮ್ಮತ್ತೆ ನನ್ನನ್ನ ಹಾಗೆ ಕೂರಿಸಿದಾಗ ಕಣ್ಣಲ್ಲಿ ನೀರು ಹಾಕಿಕೊಂಡವಳೇ ನಾನು.

ಮಲ್ಲಿಗಾ ಅಂದರೆ ರೆಕಾರ್ಡ್ ರೂಮಿನವಳು. ಕಾಸಿಮೇಡಿನ ಮೀನುಗಾರರ ಮನೆ ಹೆಂಗಸು, ನಲವತ್ತರ ಆಸುಪಾಸು. ಕಾಗದದಲ್ಲಿ ಅವಳ ಕೆಲಸ ಗುಡಿಸೋದು. ನಿಜವಾಗಿ ನಮ್ಮ ಆಫೀಸಿನ ನೆನಪಿನ ಶಕ್ತಿಯೇ ಅವಳು. ಇಂಗ್ಲಿಷು ಓದೋಕೆ ಬಾರದು. ಆದರೆ ಯಾವ ಫೈಲು ಯಾವ ರ್ಯಾಕಿನಲ್ಲಿ, ಎಷ್ಟನೇ ಕಟ್ಟಿನ ಕೆಳಗೆ, ಹಗ್ಗ ಯಾವ ಬಣ್ಣ ಅಂತ ಕಣ್ಣು ಮುಚ್ಚಿ ಹೇಳ್ತಿದ್ದಳು. ಹನ್ನೊಂದು ವರ್ಷದಿಂದ ಎಂಬತ್ತೊಂಬತ್ತು ದಿನ, ಎಂಬತ್ತೊಂಬತ್ತು ದಿನ ಅಂತ ಇದ್ದಳು. ಅವಳು ಮಾತಾಡಿದ್ದೆಲ್ಲ ತಮಿಳೇ. ನಾನು ನಮ್ಮನೆ ಕನ್ನಡದಲ್ಲಿ ಹೇಳ್ತೀನಿ. "ಮೂರು ತಿಂಗಳಿಗೊಂದು ಸಲ ಸತ್ತು ಹುಟ್ಟೋಳು ನಾನೊಬ್ಬಳೇ ಅಮ್ಮಾ" ಅಂತ ನಗ್ತಿದ್ದಳು. ಬೆಳಗಿನ ಜಾವ ಹಾರ್ಬರಿನಲ್ಲಿ ತಂಗಿಯ ಜೊತೆ ಮೀನಿನ ಬುಟ್ಟಿ ಇಳಿಸಿ ಆಮೇಲೆ ಆಫೀಸಿಗೆ ಬರೋಳು. ಬಂದಳು ಅಂದರೆ ನಾನು ಎದ್ದು ಕಿಟಕಿ ತೆಗೀತಿದ್ದೆ. ಅವಳಿಗೆ ಗೊತ್ತಿತ್ತು. ದೂರ ನಿಂತೇ ಫೈಲು ಚಾಚ್ತಿದ್ದಳು.

ಸರ್ಕಾರ ಹೀಗೆ, ಖಾಸಗಿಯವರು ಮೇಲು ಅಂತ ಯಾರಾದರೂ ಹೇಳಿದರೆ ನಮ್ಮ ಬೀದಿ ಮೆಸ್ಸಿಗೆ ಕರ್ಕೊಂಡು ಹೋಗಿ ತೋರಿಸ್ತೀನಿ. ಕುಂದಾಪುರದ ಕಡೆಯವರದ್ದು. ಮೊದಲು ಬಡಿಸ್ತಿದ್ದವರು ಮೂವತ್ತು ವರ್ಷ ಇದ್ದರು, ನನಗೆ ಸಾರು ಜಾಸ್ತಿ, ನಮ್ಮ ಯಜಮಾನರಿಗೆ ಪಲ್ಯ ಬೇಡ ಅಂತ ಕೇಳದೇ ಗೊತ್ತಾಗ್ತಿತ್ತು. ಈಗ ಬೆನ್ನ ಮೇಲೆ ಏಜೆನ್ಸಿ ಹೆಸರು ಹೊತ್ತವರು. ಎರಡು ತಿಂಗಳಿಗೆ ಮುಖ ಬದಲಾಗುತ್ತೆ. ಮಾಲೀಕರನ್ನ ಕೇಳಿದರೆ, "ಅವರು ನಮ್ಮೋರಲ್ಲಮ್ಮ, ಏಜೆನ್ಸಿಯೋರು" ಅಂತಾರೆ. ನಿಮ್ಮೆಲೆಗೆ ಅನ್ನ ಹಾಕೋನು ನಿಮ್ಮೋನಲ್ಲ ಅಂದರೆ ಇನ್ಯಾರು ನಿಮ್ಮೋರು? ಹೋಗ್ಲಿ, ನಾನು ಹೇಳೋಕೆ ಹೊರಟಿದ್ದು ಅದಲ್ಲ.

ಆ ವರ್ಷ ಕಾರ್ತಿಕದಲ್ಲಿ ಮಳೆ ಹಿಡೀತು. ಮೂರು ದಿನ ಬಿಡಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಟ್ರೇನಿಲ್ಲ, ಬಸ್ಸಿಲ್ಲ, ಕರೆಂಟಿಲ್ಲ. ಹತ್ತಿರದಲ್ಲಿದ್ದೀನಿ ಅನ್ನೋ ಒಂದೇ ಕಾರಣಕ್ಕೆ ನಾನು ಸೀರೆ ಎತ್ತಿಕಟ್ಟಿಕೊಂಡು ಆಫೀಸಿಗೆ ಹೋದೆ. ವಾಚ್‌ಮನ್ ಬಿಟ್ಟರೆ ಯಾರೂ ಇಲ್ಲ. ರೆಕಾರ್ಡ್ ರೂಮು ಎರಡು ಮೆಟ್ಟಿಲು ತಗ್ಗಿನಲ್ಲಿದೆ. ಬಾಗಿಲು ತೆಗೆದರೆ ಮೊಣಕಾಲುದ್ದ ನೀರು, ಏರ್ತಾ ಇದೆ. ನೀರು ಮುಟ್ಟೋಕೆ ಗೇಣಷ್ಟೇ ಬಾಕಿ ಇದ್ದ ಅರೆಯಲ್ಲೇ ಇದ್ದವು ಎಲ್ಲರ ಸರ್ವೀಸ್ ಬುಕ್ಕುಗಳು. ಒಬ್ಬ ನೌಕರ ಸೇರಿದ ದಿನದಿಂದ ಬಿಡೋ ದಿನದ ತನಕ ಏನೇನಾಯಿತು ಅಂತ ಬರೆದಿರೋ ಪುಸ್ತಕ ಅದು. ಅದಿಲ್ಲದಿದ್ದರೆ ಪೆನ್ಷನ್ ಇಲ್ಲ. ನನ್ನದೂ ಅಲ್ಲೇ ಎಲ್ಲೋ ಇತ್ತು. ಎಲ್ಲಿ ಅಂತ ನನಗೆ ಗೊತ್ತಿಲ್ಲ. ಗೊತ್ತಿದ್ದವಳು ಒಬ್ಬಳೇ, ಅವಳಿಗೆ ಅವತ್ತು ಬ್ರೇಕ್. ಅವಳ ಕಾರ್ಡು ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿದೆ.

ಫೋನ್ ಮಾಡಿದೆ. "ಮಲ್ಲಿಗಾ, ಸ್ವಲ್ಪ ಬರ್ತೀಯಾಮ್ಮಾ? ರೂಮಿಗೆ ನೀರು ನುಗ್ಗಿದೆ."

"ಇವತ್ತು ನನಗೆ ಬ್ರೇಕ್ ಅಲ್ಲವಾ ಅಮ್ಮಾ?"

"ಅದೆಲ್ಲ ಆಮೇಲೆ ನೋಡ್ಕೊಳ್ಳೋಣ, ಬಾ."

ಒಂದೂವರೆ ಗಂಟೆ ಆದ ಮೇಲೆ ಬಂದಳು. ಅರ್ಧ ದಾರಿ ಮೀನಿನ ವ್ಯಾನಿನಲ್ಲಿ, ಮಿಕ್ಕಿದ್ದು ನೀರಿನಲ್ಲಿ ನಡೆದು. ಅವಳ ಮನೆಯೊಳಗೂ ನೀರು ಬಂದಿತ್ತಂತೆ. ಸಾಮಾನು ಮಂಚದ ಮೇಲೇರಿಸಿ, ಮಗಳನ್ನ ಪಕ್ಕದ ಮನೆ ಮಹಡಿಗೆ ಕಳಿಸಿ ಬಂದಿದ್ದಳು. ಇದನ್ನ ಅವಳು ಹೇಳಿದ್ದು ಸಂಜೆ, ನಾನು ಕೇಳಿದ ಮೇಲೆ. ಗೇಟಿನಲ್ಲಿ ವಾಚ್‌ಮನ್, "ಕಾರ್ಡಿಲ್ಲದೆ ಬಿಡೋ ಹಾಗಿಲ್ಲ" ಅಂತ ತಡೆದ. ನಾನೇ ಹೋಗಿ ಒಳಗೆ ಕರ್ಕೊಂಡೆ. ಕೆಲಸಕ್ಕೆ ಕರೀಬೇಡ, ಊಟಕ್ಕೆ ಮರೀಬೇಡ ಅಂತ ಮೈಗಳ್ಳರನ್ನ ಆಡಿಕೊಳ್ತೀವಲ್ಲ, ನಮ್ಮ ಆಫೀಸಿನಲ್ಲಿ ಅದು ತಲೆಕೆಳಗು. ಇವರನ್ನ ಕೆಲಸಕ್ಕೆ ತಪ್ಪದೇ ಕರೀತಿದ್ದೆವು, ಎಲೆ ಹಾಕುವಾಗ ಮಾತ್ರ ಮರೀತಿದ್ದೆವು.

ಸಂಜೆ ತನಕ ಅವಳೊಬ್ಬಳೇ ಹೊತ್ತಳು. ತಲೆಗೆ ಸಿಂಬಿ ಸುತ್ತಿಕೊಂಡು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಕಟ್ಟು. ನೀರಿನಲ್ಲಿ ಕಾಲಿಟ್ಟು ರ್ಯಾಕು ತಡವಿ, ಹಗ್ಗ ಮುಟ್ಟಿ ನೋಡಿ, "ಇದು ಸರ್ವೀಸ್ ಬುಕ್ಕು, ಇದು ಕೋರ್ಟು, ಇದು ಬರೀ ಓಲೆ, ನೆನೀಲಿ ಬಿಡಿ" ಅಂತ ವಿಂಗಡಿಸೋಳು. ಒಂದು ಕಟ್ಟು ತಂದವಳು ನನ್ನ ಮುಂದೆ ಇಟ್ಟು, "ಇದರಲ್ಲಿ ನೀವಿದ್ದೀರ ಅಮ್ಮಾ" ಅಂದಳು. ಬಿಚ್ಚಿ ನೋಡಿದರೆ ಹೌದು. ಪದ್ಮಾವತಿ ಅಂತ ನನ್ನ ಹೆಸರು, ಇಪ್ಪತ್ತನಾಲ್ಕು ವರ್ಷದ ಹುಡುಗಿಯ ಫೋಟೋ. ಅಂಚು ಮಾತ್ರ ನೆನೆದಿತ್ತು.

ನಾನೇನು ಮಾಡ್ತಿದ್ದೆ? ಮಹಡಿ ಮೆಟ್ಟಿಲ ಮೇಲೆ ಕೂತು ಬರೀತಿದ್ದೆ. ನಮ್ಮಲ್ಲೊಂದು ಕಟ್ಟಳೆ: ಒಂದು ಕಾಗದ ಒಂದು ರೂಮಿನಿಂದ ಇನ್ನೊಂದಕ್ಕೆ ಹೋದರೆ ಯಾವುದು, ಎಲ್ಲಿಂದ ಎಲ್ಲಿಗೆ, ಯಾರು ಒಯ್ದರು ಅಂತ ಬರೆದು, ಒಯ್ದವರ ಕೈಲಿ ಸೈನ್ ಹಾಕಿಸಬೇಕು. ಪ್ರಳಯ ಬಂದರೂ ನಾನು ಅದನ್ನ ಬಿಡೋಳಲ್ಲ. ರ್ಯಾಕು ನಾಲ್ಕು, ಕಟ್ಟು ಒಂದರಿಂದ ಆರು, ಮಲ್ಲಿಗಾ. ರ್ಯಾಕು ನಾಲ್ಕು, ಕಟ್ಟು ಏಳರಿಂದ ಹನ್ನೆರಡು, ಮಲ್ಲಿಗಾ. ಹೀಗೆ ನಲವತ್ತಕ್ಕೂ ಮೇಲೆ ಸಾಲು. ಪ್ರತಿ ಸಲವೂ ಅವಳು ಕೈ ಒರೆಸಿಕೊಂಡು ತಮಿಳಿನಲ್ಲಿ ಸೈನ್ ಹಾಕಿ ಇಳಿದು ಹೋಗೋಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನನ್ನದೇ ಕೆಂಪು ಅಕ್ಷರದಲ್ಲಿ ಬ್ರೇಕ್ ಅಂತಿದೆ. ಈ ಪಟ್ಟಿಯಲ್ಲಿ ಅದೇ ತಾರೀಖಿನಲ್ಲಿ ಅವಳ ಸೈನು ನಲವತ್ತು ಸಲ ಇದೆ. ಹೀಗೆ ಎರಡೂ ಕೈಲಿ ಎರಡು ಸತ್ಯ ಬರೆಯೋ ತಪ್ಪನ್ನ ಗುಮಾಸ್ತರ ಜಾತಿಯವರು ಮಾತ್ರ ಮಾಡಬಲ್ಲರು. ಅವತ್ತು ನನಗೆ ಅದು ಹೊಳೀಲೇ ಇಲ್ಲ. ಸಂಜೆ ಅವಳೇ ಕೇಳಿದಳು, "ಹಾಜರಿಯಲ್ಲೂ ಸೈನ್ ಹಾಕಲಾ ಅಮ್ಮಾ?" ಅಂತ. "ಅದರಲ್ಲಿ ಬೇಡಮ್ಮಾ, ಇವತ್ತು ನಿನಗೆ ಬ್ರೇಕಲ್ಲವಾ" ಅಂದೆ.

ನೀರಿಳಿದು ಎರಡು ವಾರ ಆಗಿರಬೇಕು. ಮಲ್ಲಿಗಾ, ಅವಳ ಜೊತೆ ಇನ್ನು ಮೂವರು ಹೆಂಗಸರು ಸೇರಿ ಮಳೆಗೆ ಮೊದಲೇ ಕಾರ್ಮಿಕ ಇಲಾಖೆಗೆ ಒಂದು ಅರ್ಜಿ ಹಾಕಿದ್ದರಂತೆ. ಈ ಬ್ರೇಕ್ ಅನ್ನೋದೇ ಸುಳ್ಳು, ಬರೀ ಕಾಗದದ ಆಟ, ಬೇಕಾದಾಗ ಬ್ರೇಕ್ ದಿನವೂ ದುಡಿಸಿಕೊಳ್ತಾರೆ, ನಮ್ಮ ವರ್ಷಗಳನ್ನ ಒಂದಾಗಿ ಲೆಕ್ಕ ಹಿಡಿದು ಖಾಯಂ ಮಾಡಿ ಅಂತ. ವಿಚಾರಣೆಗೆ ಲೇಬರ್ ಆಫೀಸರ್ ಬರ್ತಾರೆ ಅಂತ ನೋಟಿಸ್ ಬಂತು. ಒಂದೇ ಒಂದು ಬ್ರೇಕ್ ದಿನ ಅವರು ಕೆಲಸಕ್ಕೆ ಬಂದಿದ್ದರು ಅಂತ ರುಜುವಾತಾದರೂ ಸಾಕು, ಎಲ್ಲ ಬ್ರೇಕೂ ಬಿದ್ದು ಹೋಗುತ್ತೆ ಅಂತ ನಮ್ಮ ವಕೀಲರು ಹೇಳಿದರಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಹಾಗೆ ನಮ್ಮ ಎ.ಓ., ಅಂದರೆ ಅಡ್ಮಿನಿಸ್ಟ್ರೇಟಿವ್ ಆಫೀಸರು, ಆ ದಿನವೇ ನನ್ನನ್ನ ಕರೆಸಿದ.

ಬೈಯಲಿಲ್ಲ, ಕಿರುಚಲಿಲ್ಲ. ಕಾಫಿ ತರಿಸಿದ. ಡಿಕಾಕ್ಷನ್ ಚೆನ್ನಾಗಿದೆಯಾ ಅಂತ ಕೇಳಿದ. ಆಮೇಲೆ, "ಮಳೆ ದಿನ ನೀವೊಂದು ಪಟ್ಟಿ ಬರೆದಿರಲ್ಲ ಮೇಡಂ, ಪಾಪ ಒದ್ದೆಯಾಗಿದೆ. ಒಂದು ಫೇರ್ ಕಾಪಿ ಮಾಡಿಬಿಡಿ" ಅಂದ.

"ಓದೋಕೆ ಬರ್ತಿದೆ ಸಾರ್."

"ಬರ್ತಿದೆ, ಅದೇ ತೊಂದರೆ. ಹೊತ್ತವರ ಹೆಸರಿನ ಕಡೆ ಗೋಪಾಲ್ ಅಂತ ಹಾಕಿ."

ಗೋಪಾಲ್ ನಮ್ಮ ಖಾಯಂ ಪ್ಯೂನು. ಮನೆ ಕ್ರೋಂಪೇಟೆ. ಆವತ್ತು ಟ್ರೇನಿಲ್ಲ ಅಂತ ಮನೇಲೇ ಇದ್ದ, ನನಗೇ ಫೋನ್ ಮಾಡಿ ರಜ ಹೇಳಿದ್ದ. ಅದನ್ನ ಹೇಳಿದೆ. ಎ.ಓ. ಕಾಫಿ ಲೋಟ ಕೆಳಗಿಟ್ಟು, "ಫೋನಿನಲ್ಲಿ ಹೇಳಿದ ರಜಕ್ಕೆ ಕಾಗದ ಎಲ್ಲಿದೆ ಮೇಡಂ?" ಅಂದ. ಮೇಜಿನ ಮೇಲಿನ ಕಟ್ಟೊಂದನ್ನ ತಟ್ಟಿ, "ನಿಮ್ಮ ಪೆನ್ಷನ್ ಪೇಪರ್ಸ್ ನನ್ನ ಮೇಜಿನ ಮೇಲೇ ಇದೆ. ಸರ್ವೀಸ್ ಬುಕ್ಕಿನ ಅಂಚು ಒದ್ದೆಯಾಗಿದೆ ಅಂತ ಆಡಿಟಿನೋರು ಕೊಕ್ಕೆ ಹಾಕಬಹುದು. ನಾನು ನೋಡ್ಕೋತೀನಿ, ನೀವು ಯೋಚನೆ ಮಾಡಬೇಡಿ" ಅಂದ. ಆ ಪುಸ್ತಕ ಅವನ ಮೇಜಿಗೆ ಬಂದದ್ದೇ ಯಾರ ತಲೆ ಮೇಲಿಂದ ಅಂತ ಅವನಿಗೂ ಗೊತ್ತು, ನನಗೂ ಗೊತ್ತು.

ಮನೆಗೆ ಬಂದು ಯಜಮಾನರ ಹತ್ತಿರ ಹೇಳಿದೆ. ಅವರು ಸಂಧ್ಯಾವಂದನೆ ಮುಗಿಸಿ ಪಂಚಪಾತ್ರೆ ಎತ್ತಿಡ್ತಿದ್ದರು. "ಊರ ಉಸಾಬರಿ ನಮಗ್ಯಾಕೆ ಪದ್ಮಾ? ನಾಲ್ಕು ತಿಂಗಳು. ಮರ್ಯಾದೆಯಾಗಿ ಹೊರಗೆ ಬಾ" ಅಂದರು. ಮಗಳು ಊಟ ಮಾಡ್ತಾ ಕೇಳಿಸಿಕೊಂಡಿದ್ದಳು. ನಾವು ಕನ್ನಡದಲ್ಲಿ ಮಾತಾಡಿದರೂ ಅವಳದ್ದು ತಮಿಳಿನಲ್ಲೇ ಉತ್ತರ. "ಅವಂಗ ವಂದಾಂಗಳಾ ಇಲ್ಲಿಯಾ, ಅದ ಮಟ್ಟುಂ ಸೊಲ್ಲುಮ್ಮಾ" ಅಂದಳು. ಬಂದಿದ್ದರೋ ಇಲ್ಲವೋ, ಅಷ್ಟು ಮಾತ್ರ ಹೇಳಮ್ಮ ಅಂತ. ಮಜ್ಜಿಗೆ ಹಾಕಲಾ ಅಂತ ಕೇಳಿದೆ ನಾನು.

ಮಾರನೆಯ ದಿನ ಫೇರ್ ಕಾಪಿ ಮಾಡಿದೆ. ನನ್ನ ಅಕ್ಷರ ಚೆಂದ ಅಂತ ಮೂವತ್ತಾರು ವರ್ಷ ಹೊಗಳಿಸಿಕೊಂಡವಳು. ಅವತ್ತೂ ಚೆಂದವಾಗೇ ಬಂತು, ಅದೇ ಹೇಸಿಗೆ. ಮಲ್ಲಿಗಾ ಇದ್ದಲ್ಲೆಲ್ಲ ಗೋಪಾಲ್. ಗೋಪಾಲ್ ಬಂದು ಸೈನ್ ಹಾಕೋಕೆ ಕೂತ. ಇಪ್ಪತ್ತು ಸಾಲು ಆಗೋ ಹೊತ್ತಿಗೆ, "ಇನ್ನೂ ಎಷ್ಟಿದೆ ಮೇಡಂ, ಕೈ ನೋಯ್ತಿದೆ" ಅಂದ. ಹೊತ್ತವಳು ನೋವು ಅನ್ನಲಿಲ್ಲ, ಹೊತ್ತೆ ಅಂತ ಗೀಚೋನಿಗೆ ಕೈ ನೋವು. ನನಗೆ ಅವನನ್ನ ಕಂಡು ಅಸಹ್ಯ ಆಯಿತು ಅಂತ ಹೇಳಿಕೊಂಡರೆ ನನ್ನ ತಪ್ಪನ್ನ ನಾನೇ ಮಾಫಿ ಮಾಡಿಕೊಂಡ ಹಾಗಲ್ಲವಾ? ಪೆನ್ನು ನನ್ನದು. ಹಳೇ ಪಟ್ಟಿಯನ್ನ ಹರಿದು, ಎಸೆಯೋಕೆ ಗುಡ್ಡೆ ಹಾಕಿದ್ದ ಒದ್ದೆ ಕಾಗದದ ಜೊತೆ ಹಾಕಿದೆ. ಮಧ್ಯಾಹ್ನ ಮಲ್ಲಿಗಾ ಬಂದು ಬ್ಲೀಚಿಂಗ್ ಪೌಡರ್ ಚೆಲ್ಲಿ, ಅದನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಿಕೊಂಡು ಹೋದಳು. "ಇದು ಕೊಳೆತೇ ಹೋಗಿದೆ ಅಮ್ಮಾ, ಮೂಗು ಮುಚ್ಚಿಕೊಳ್ಳಿ" ಅಂದಳು.

ವಿಚಾರಣೆಯ ದಿನ ಮೀಟಿಂಗ್ ಹಾಲಿನಲ್ಲಿ ಎಲ್ಲರೂ. ಲೇಬರ್ ಆಫೀಸರು ನನ್ನ ಮಗಳ ವಯಸ್ಸಿನ ಹೆಂಗಸು. ಮಲ್ಲಿಗಾ ತಲೆಗೆ ಹೂ ಮುಡಿದು, ಒಳ್ಳೇ ಸೀರೆ ಉಟ್ಟು ಬಂದಿದ್ದಳು. ಯಾವತ್ತಾದರೂ ಬ್ರೇಕ್ ದಿನ ಕೆಲಸ ಮಾಡಿದ್ದೀಯಾ ಅಂತ ಕೇಳಿದ್ದಕ್ಕೆ ಒಂದು ಕ್ಷಣವೂ ತಡೀಲಿಲ್ಲ. "ಮಾಡಿದ್ದೀನಿ. ಮಳೆ ಬಂದ ದಿನ. ಪದ್ಮಾ ಅಮ್ಮನ್ನ ಕೇಳಿ. ಅಮ್ಮ ಎಲ್ಲ ಬರೆದಿದ್ದಾರೆ, ಸಾಲು ಸಾಲಿಗೂ ನನ್ನ ಕೈಲಿ ಸೈನ್ ಹಾಕಿಸಿದ್ದಾರೆ. ಅವರು ಬರೀದೇ ಬಿಡೋರಲ್ಲ" ಅಂದು ನನ್ನ ಕಡೆ ನೋಡಿ ನಕ್ಕಳು. ಭಯ ಇದ್ದೋರ ನಗು ಅಲ್ಲ ಅದು. ಕೆಲಸ ಮುಗಿದೇ ಹೋಯಿತು ಅನ್ನೋ ನಗು.

ಆಫೀಸರು ಪಟ್ಟಿ ತಿರುವಿ ನೋಡಿದರು. "ಇದರಲ್ಲಿ ಗೋಪಾಲ್ ಅಂತಿದೆ. ಈ ಹೆಂಗಸು ಆ ದಿನ ಆಫೀಸಿಗೆ ಬಂದಿದ್ದರಾ ಮೇಡಂ?"

"ರೆಕಾರ್ಡಿನಲ್ಲಿ ಇಲ್ಲ" ಅಂದೆ.

"ರೆಕಾರ್ಡು ನನ್ನ ಕೈಯಲ್ಲೇ ಇದೆ. ನೀವು ಅವರನ್ನ ನೋಡಿದಿರಾ ಅಂತ ಕೇಳಿದೆ."

ಎ.ಓ. ಕಿಟಕಿ ಆಚೆ ನೋಡ್ತಿದ್ದ. ಗೋಪಾಲ್ ನೀರಿನ ಲೋಟ ತಂದು ನನ್ನ ಮುಂದಿಟ್ಟ. "ಅವತ್ತು ಕರೆಂಟಿರಲಿಲ್ಲ" ಅಂದೆ, "ಸರಿಯಾಗಿ ಕಾಣಿಸ್ತಿರಲಿಲ್ಲ."

ಹಾಡಹಗಲು ಹನ್ನೊಂದು ಗಂಟೆಗೆ ಬಂದವಳು, ಸಂಜೆ ತನಕ ನನ್ನ ಮುಂದೆ ನಲವತ್ತು ಸಲ ಹತ್ತಿ ಇಳಿದವಳು, ಕಾಣಿಸಲಿಲ್ಲ ಅಂದೆ. ಇಲ್ಲ ಅಂತ ಸುಳ್ಳು ಹೇಳೋಕೂ ಒಂದು ಗುಂಡಿಗೆ ಬೇಕು. ನನಗೆ ಅದೂ ಇರಲಿಲ್ಲ. ಮಲ್ಲಿಗಾ ಅಳಲಿಲ್ಲ, ಜಗಳ ಆಡಲಿಲ್ಲ. ಮುಖದಲ್ಲಿದ್ದ ನಗೆಯನ್ನ ಎಲ್ಲಿಡಬೇಕು ಅಂತ ತಿಳೀದೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಅರ್ಜಿ ಬಿದ್ದು ಹೋಯಿತು.

ಎರಡು ದಿನ ಬಿಟ್ಟು ನನ್ನ ಮೇಜಿನ ಹತ್ತಿರ ಬಂದಳು. ಯಾವತ್ತೂ ದೂರ ನಿಲ್ಲೋಳು ಅವತ್ತು ತೀರ ಹತ್ತಿರ ಬಂದು, ಮೆಲ್ಲಗೆ, "ಅಮ್ಮಾ, ಯಾರಿಗೂ ಹೇಳೋಲ್ಲ. ನನಗೊಬ್ಬಳಿಗೆ ಹೇಳಿ. ಅವತ್ತು ನಾನು ಬಂದಿದ್ದೆನಾ ಇಲ್ಲವಾ? ಮಗಳು ಕೇಳ್ತಾಳೆ, ನನ್ನನ್ನ ಮಹಡಿ ಮೇಲೆ ಬಿಟ್ಟು ನೀನು ಹೋಗಿದ್ದಾದರೂ ಎಲ್ಲಿಗೆ ಅಂತ" ಅಂದಳು.

ಬಂದಿದ್ದೆ ಕಣಮ್ಮಾ ಅನ್ನೋಕೆ ಏನಾಗಿತ್ತು ನನಗೆ? ಸುತ್ತ ಸೆಕ್ಷನ್ನಿನೋರೆಲ್ಲ ಇದ್ದರು. "ಕೆಲಸ ನೋಡು ಹೋಗು ಮಲ್ಲಿಗಾ" ಅಂದೆ. ಎದ್ದು ಕಿಟಕಿ ತೆಗೆದೆ. ಮೀನಿನ ವಾಸನೆ ಏನೂ ಇರಲಿಲ್ಲ ಅವತ್ತು. ನಾರ್ತಿದ್ದದ್ದು ಬೇರೆ.

ಆ ವರ್ಷದ ಕೊನೇಲಿ ಪ್ರವಾಹದಲ್ಲಿ ದಾಖಲೆ ಉಳಿಸಿದ್ದಕ್ಕೆ ಗೋಪಾಲನಿಗೆ ಶಾಲು ಹೊದಿಸಿ ಪ್ರಶಂಸಾಪತ್ರ ಕೊಟ್ಟರು. ಪತ್ರ ಬರೆದದ್ದೂ ನಾನೇ, ಅಕ್ಷರ ಚೆಂದ ನೋಡಿ. ಅದಾದ ಮೇಲೆ ಎ.ಓ. ಒಂದು ಸುತ್ತೋಲೆ ಬರೆಸಿದ: ಇನ್ನು ಮುಂದೆ ಟೆಂಪರರಿ, ಗುತ್ತಿಗೆ ಯಾರದ್ದೇ ಆಗಲಿ ಹೆಸರೋ ಸೈನೋ ಆಫೀಸಿನ ಯಾವ ಕಾಗದದ ಮೇಲೂ ಬರತಕ್ಕದ್ದಲ್ಲ, ಬಂದರೆ ಸಲ್ಲತಕ್ಕದ್ದಲ್ಲ. ಕರಡು ನನ್ನದು, ಕೆಳಗೆ ಮೂಲೆಯಲ್ಲಿ ನನ್ನ ಇನಿಷಿಯಲ್ಲು. ಏಪ್ರಿಲಿನಲ್ಲಿ ಹಾರ ಹಾಕಿಸಿಕೊಂಡು, ಮರ್ಯಾದೆಯಾಗಿ ಹೊರಗೆ ಬಂದೆ. ಪೆನ್ಷನ್ ಒಂದು ತಿಂಗಳೂ ತಪ್ಪಿಲ್ಲ.

ಬೆಂಚಿನ ಮೇಲೆ ಕೂತು ಇದನ್ನೆಲ್ಲ ಮೆಲುಕು ಹಾಕ್ತಿದ್ದಾಗ ಯಾರೋ ಬಕೆಟ್ಟು ಎಳೆದುಕೊಂಡು ಬರೋ ಸದ್ದಾಯಿತು. ನೀಲಿ ಕೋಟು, ಬೆನ್ನ ಮೇಲೆ ಯಾವುದೋ ಏಜೆನ್ಸಿ ಹೆಸರು, ಕೈಯಲ್ಲಿ ನೆಲ ಒರೆಸೋ ಕೋಲು. ತಲೆ ಅರ್ಧ ನರೆತಿದೆ. "ಪದ್ಮಾ ಅಮ್ಮಾ" ಅಂದಳು.

ಮಲ್ಲಿಗಾ. ಈಗ ಎಂಬತ್ತೊಂಬತ್ತು ದಿನದ ಆಟವೂ ಇಲ್ಲವಂತೆ, ಎಲ್ಲರನ್ನೂ ಏಜೆನ್ಸಿಗೆ ಒಪ್ಪಿಸಿಬಿಟ್ಟಿದ್ದಾರೆ. ರೆಕಾರ್ಡ್ ರೂಮಿನ ಕೆಲಸವೂ ಹೋಗಿ ಬರೀ ನೆಲ ಒರೆಸೋದು. ಮಗಳ ಮದುವೆ ಆಯಿತಂತೆ. ಯಾಕಮ್ಮಾ ಇಲ್ಲಿ ಕೂತಿದ್ದೀರ ಅಂದಳು. ಹೇಳಿದೆ. "ಇಷ್ಟೇನಾ?" ಅಂತ ಕೋಲನ್ನ ಗೋಡೆಗೆ ಒರಗಿಸಿ, ನನ್ನ ಕೈ ಹಿಡಿದು ಎಬ್ಬಿಸಿ ಕೌಂಟರಿಗೆ ಕರ್ಕೊಂಡು ಹೋದಳು. "ಇವರನ್ನ ನನಗೆ ಗೊತ್ತು. ಹನ್ನೊಂದು ವರ್ಷ ಇವರ ಕೈಕೆಳಗಿದ್ದೆ. ಬದುಕಿದ್ದಾರೆ, ಇಗೋ. ಎಲ್ಲಿ ಸೈನ್ ಹಾಕಬೇಕು ಹೇಳು" ಅಂದಳು.

ಹುಡುಗಿಗೆ ಸಂಕಟವೇ ಆಯಿತು. "ಅಕ್ಕಾ, ನಮ್ಮಂಥೋರ ಸೈನ್ ಸಲ್ಲಲ್ಲ. ನಾನೂ ಏಜೆನ್ಸಿಯೇ ಅಲ್ಲವಾ" ಅಂದು ಹಿಂದಿನ ಬೋರ್ಡು ತೋರಿಸಿದಳು. ಪ್ಲಾಸ್ಟಿಕ್ ಹೊದಿಕೆಯೊಳಗೆ ಹಳದಿಯಾದ ಸುತ್ತೋಲೆ. ಕನ್ನಡಕ ಹಾಕ್ಕೊಳ್ಳದಿದ್ದರೂ ಕೆಳಗಿನ ಮೂಲೆ ನನಗೆ ಓದೋಕೆ ಬಂತು. ಅಷ್ಟು ಹೊತ್ತಿಗೆ ಸೂಪರಿಂಟೆಂಡೆಂಟು ಬಂದು, ಅಕೌಂಟ್ಸಿನ ಹಳಬರು ಇವತ್ತು ರಜವಂತೆ, ನಾಳೆ ಬನ್ನಿ ಅಂದ.

ಮಲ್ಲಿಗಾ ಸುತ್ತೋಲೆ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಅದರಲ್ಲಿ ಏನು ಬರೆದಿದೆ, ಯಾರು ಬರೆದದ್ದು ಅಂತ ಅವಳಿಗೆ ಗೊತ್ತಿತ್ತೋ ಇಲ್ಲವೋ. ನನ್ನನ್ನ ವಾಪಸ್ಸು ಬೆಂಚಿಗೆ ತಂದು ಕೂರಿಸಿ, "ಬಿಡಿ ಅಮ್ಮಾ, ನಾಳೆ ಬನ್ನಿ. ಇವತ್ತು ನಿಮಗೆ ಬ್ರೇಕ್" ಅಂದಳು. ಚುಚ್ಚೋಕೆ ಹೇಳಿದ್ದಲ್ಲ, ಸಮಾಧಾನಕ್ಕೇ ಹೇಳಿದ್ದು.

ಇವತ್ತಾದರೂ ಹೇಳಿಬಿಡಬೇಕು ಅನ್ನಿಸಿತು. "ಮಲ್ಲಿಗಾ, ಅವತ್ತು ನೀನು ಬಂದಿದ್ದೆ. ನಾನು ನೋಡಿದೆ" ಅಂದೆ. ಗಟ್ಟಿಯಾಗೇ ಹೇಳಿದೆ, ಕೌಂಟರಿನ ಹತ್ತಿರ ಏನೋ ಓದ್ತಾ ನಿಂತಿದ್ದ ಸೂಪರಿಂಟೆಂಡೆಂಟಿಗೂ ಕೇಳಿಸೋ ಹಾಗೆ. ಅವನು ತಲೆ ಎತ್ತಲಿಲ್ಲ, ಅವನಿಗೇನು ಗೊತ್ತು. ಮಲ್ಲಿಗಾ ಕೋಲನ್ನ ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು.

"ನನಗೆ ಗೊತ್ತಮ್ಮಾ" ಅಂದಳು. "ಸ್ವಲ್ಪ ಕಾಲೆತ್ತಿ, ಒರೆಸಬೇಕು."

ಕಾಲೆತ್ತಿದೆ.